ನೆಟ್ ಕೊಡುವವರು ಒಬ್ಬರೇ ಆದಾಗ

2015ರ ಫೆಬ್ರುವರಿ 10ರಂದು ಫೇಸ್‌ಬುಕ್ ಕಂಪನಿಯು ಅನಿಲ್ ಅಂಬಾನಿಯವರ ರಿಲಯನ್ಸ್ ಕಮ್ಯುನಿಕೇಷನ್ಸ್ ಜತೆಗೂಡಿ ‘ಇಂಟರ್‌ನೆಟ್ ಡಾಟ್ ಆರ್ಗ್’ ಎಂಬ ಪುಕ್ಕಟೆ ಸೇವೆಯನ್ನು ಭಾರತಕ್ಕೆ ತಂದಿತು. ಮೊದಲ ಕಂತಿನಲ್ಲಿ ಆರು ರಾಜ್ಯಗಳಿದ್ದವು: ತಮಿಳುನಾಡು, ಕೇರಳ, ಮಹಾರಾಷ್ಟ್ರ, ಗುಜರಾತ್, ತೆಲಂಗಾಣ ಮತ್ತು ಆಂಧ್ರಪ್ರದೇಶ. ಕರ್ನಾಟಕ ಇರಲಿಲ್ಲ. ಹೀಗಾಗಿ ಬಳ್ಳಾರಿಯವರಿಗೆ ಸಿಗದ ಸೇವೆ ಗಡಿಯಾಚೆಯ ಅನಂತಪುರ ಜಿಲ್ಲೆಯ ರಾಯದುರ್ಗ, ಬೊಮ್ಮನಹಾಳ್, ನೇಮಕಲ್ಲಿನ ಕನ್ನಡಿಗರಿಗೆ ಸಿಗುವಂತಾಯಿತು. ರಿಲಯನ್ಸ್ ಸಿಮ್ ಒಂದಿದ್ದರೆ ಸಾಕು, ಡೇಟಾ ಪ್ಯಾಕ್ ಹಾಕಿಸದೆಯೇ ಆಯ್ದ ಮೂರು ಡಜನ್‌ನಷ್ಟು ಸೇವೆಗಳನ್ನು ಫೋನಿನಲ್ಲಿ ನೋಡಬಹುದಿತ್ತು. ಫೇಸ್‌ಬುಕ್ ಇತ್ತು, ವಿಕಿಪೀಡಿಯ ಇತ್ತು, ಹವಾಮಾನ, ಸುದ್ದಿ, ಕೆಲಸ ಹುಡುಕುವ ತಾಣಗಳಿದ್ದವು.

ಸೇವೆ ಯಾವ ಭಾಷೆಗಳಲ್ಲಿ ಸಿಗುತ್ತದೆ ಎಂದು ಆಗ ಪ್ರಕಟವಾದ ಪಟ್ಟಿ ಹೀಗಿತ್ತು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮಲಯಾಳಂ, ಗುಜರಾತಿ, ಮರಾಠಿ. ಆರು ರಾಜ್ಯಗಳಿಗೆ ಅವರವರ ರಾಜ್ಯಭಾಷೆ, ಜತೆಗೆ ಹಿಂದಿ ಮತ್ತು ಇಂಗ್ಲಿಷ್. ಆಂಧ್ರ ಎಂದರೆ ತೆಲುಗು ಎಂದು ಎಣಿಸಿದವರ ಕಣ್ಣಿಗೆ ನೇಮಕಲ್ಲು ಬೀಳುವುದು ಸಾಧ್ಯವೇ ಇರಲಿಲ್ಲ. ರಾಯದುರ್ಗ 1953ರ ಸೆಪ್ಟೆಂಬರ್ ಕೊನೆಯವರೆಗೂ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜತೆ ಅದೂ ಅತ್ತ ಸೇರಿತು. ಇನ್ನೊಂದು ಕಡೆ ಮಡಕಶಿರಾ ಸೀಮೆ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಮಂಡಲಗಳಲ್ಲಿ ಕನ್ನಡ ಮನೆಮಾತಿನವರು ತಲೆಮಾರುಗಳಿಂದ ಇದ್ದಾರೆ. 2022ರಿಂದ ಆ ಭಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇವರೆಲ್ಲರ ಸಿಮ್ ಆಂಧ್ರ ಟೆಲಿಕಾಂ ಸರ್ಕಲ್‌ನದು, ಓದು ಮಾತು ಕನ್ನಡದ್ದು.

‘ಇಂಟರ್‌ನೆಟ್ಟೇ ಇಲ್ಲದವರಿಗೆ ಇಷ್ಟಾದರೂ ಸಿಗಲಿ’ ಎಂಬುದು ಆಗ ಫೇಸ್‌ಬುಕ್ ಮುಂದಿಟ್ಟ ವಾದ. ಅದನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಡೇಟಾ ಅಂದು ಇಂದಿನಷ್ಟು ಅಗ್ಗವಾಗಿರಲಿಲ್ಲ. ಆದರೆ ಪುಕ್ಕಟೆ ಸಿಗುವ ತಾಣಗಳ ಪಟ್ಟಿಯನ್ನು ಯಾರು ಮಾಡುತ್ತಾರೆ, ಅದರಲ್ಲಿಲ್ಲದ ತಾಣದ ಗತಿಯೇನು ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿರಲಿಲ್ಲ. ರೊಳ್ಳದ ರೈತನಿಗೆ ಬೇಕಾದ್ದು ತುಮಕೂರಿನ ಅಡಿಕೆ ಧಾರಣೆ. ಬೊಮ್ಮನಹಾಳದ ಕನ್ನಡ ಮಾಧ್ಯಮದ ಹುಡುಗಿಗೆ ಬೇಕಾದ್ದು ಕನ್ನಡದ ಪಾಠ. ಅವು ಆ ಪಟ್ಟಿಯ ಹೊರಗಿದ್ದರೆ ದುಡ್ಡು ಕೊಟ್ಟೇ ನೋಡಬೇಕು. ಒಂದು ಪುಕ್ಕಟೆ, ಪಕ್ಕದ್ದಕ್ಕೆ ಕಾಸು ಎಂದಾದ ಮೇಲೆ ಜನ ಯಾವುದನ್ನು ಒತ್ತುತ್ತಾರೆ ಎಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಸಣ್ಣ ಭಾಷೆಯ, ಸಣ್ಣ ಊರಿನ ತಾಣ ಹೀಗೆಯೇ ಓದುಗರಿಲ್ಲದೆ ಸೊರಗುತ್ತದೆ.

ನೆಟ್ ನ್ಯೂಟ್ರಾಲಿಟಿ ಎಂಬ ಜಗಳದ ತಿರುಳು ಇದೇ. ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿಯು ಗ್ರಾಹಕ ಏನು ನೋಡುತ್ತಾನೆ ಎಂಬುದರ ಮೇಲೆ ದರವನ್ನಾಗಲಿ ವೇಗವನ್ನಾಗಲಿ ಬದಲಿಸಬಾರದು. ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವು 2003ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ದೊಡ್ಡ ಊರಿನವರಿಗಿಂತ ನೇಮಕಲ್ಲಿನಂಥ ಊರಿನವರಿಗೇ ಈ ನಿಯಮದ ಅಗತ್ಯ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಜಯನಗರದಲ್ಲಿ ಒಂದು ಕಂಪನಿ ಕಾಟ ಕೊಟ್ಟರೆ ಇನ್ನೊಂದಕ್ಕೆ ಹೋಗಬಹುದು. ಮನೆಯೊಳಗೆ ಒಂದೇ ಕಂಪನಿಯ ಸಿಗ್ನಲ್ ಬರುವ, ಒಬ್ಬರೇ ಕೇಬಲ್‌ನವರಿರುವ ಊರಿನಲ್ಲಿ ಎಲ್ಲಿಗೆ ಹೋಗುವುದು?

ಕಂಪನಿಗೆ ಏನೇನು ಕಾಣುತ್ತದೆ

ನೀವು ಫೋನಿನಲ್ಲಿ ಒಂದು ಕನ್ನಡ ವಿಡಿಯೊ ಒತ್ತಿದಿರಿ ಎನ್ನಿ. ನಿಮ್ಮ ಕೋರಿಕೆ ಸಣ್ಣ ಸಣ್ಣ ತುಣುಕುಗಳಾಗಿ ಟವರ್‌ಗೆ ಹೋಗುತ್ತದೆ. ಈ ತುಣುಕುಗಳಿಗೆ ಪ್ಯಾಕೆಟ್ ಎನ್ನುತ್ತಾರೆ. ಪ್ರತಿ ಪ್ಯಾಕೆಟ್ಟಿನ ತಲೆಯ ಮೇಲೆ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬ ಎರಡು ವಿಳಾಸಗಳಿರುತ್ತವೆ. ಟವರ್‌ನಿಂದ ಫೈಬರ್ ಕೇಬಲ್ ಮೂಲಕ, ಫೈಬರ್ ಇಲ್ಲದ ಕಡೆ ಟವರ್‌ನಿಂದ ಟವರ್‌ಗೆ ಮೈಕ್ರೋವೇವ್ ಮೂಲಕ, ಅದು ಕಂಪನಿಯ ದೊಡ್ಡ ಕೇಂದ್ರ ಮುಟ್ಟುತ್ತದೆ. ಅಲ್ಲಿಂದ ಮುಂದೆ ಬೇರೆ ಜಾಲಗಳಿಗೆ ದಾಟಿ, ವಿಡಿಯೊ ಇಟ್ಟಿರುವ ಸರ್ವರ್‌ಗೆ ಹೋಗುತ್ತದೆ. ಉತ್ತರದ ಪ್ಯಾಕೆಟ್ಟುಗಳೂ ಇಂಥದೇ ಹಾದಿ ಹಿಡಿದು ನಿಮ್ಮ ಫೋನಿಗೆ ಬರುತ್ತವೆ.

ಕಂಪನಿಯ ಯಂತ್ರ ವಿಳಾಸವನ್ನಷ್ಟೇ ಓದಿ ಮುಂದಕ್ಕೆ ಕಳಿಸಿದರೆ ಯಾವ ತಕರಾರೂ ಇಲ್ಲ. ಆದರೆ ಅದಕ್ಕಿಂತ ಆಳವಾಗಿ ಪ್ಯಾಕೆಟ್ಟನ್ನು ಬಿಚ್ಚಿ ನೋಡುವ ಉಪಕರಣಗಳೂ ಇವೆ. ಇಂದು ಬಹುತೇಕ ತಾಣಗಳು ಬೀಗ ಹಾಕಿದ ಸಂಪರ್ಕವನ್ನೇ ಬಳಸುವುದರಿಂದ ನೀವು ಏನು ಓದಿದಿರಿ, ಏನು ಬರೆದಿರಿ ಎಂಬುದು ಕಂಪನಿಗೆ ಕಾಣುವುದಿಲ್ಲ. ಯಾವ ತಾಣಕ್ಕೆ ಹೋದಿರಿ ಎಂಬುದು ಮಾತ್ರ ಸಾಮಾನ್ಯವಾಗಿ ಕಾಣುತ್ತದೆ. ತಾರತಮ್ಯ ಮಾಡಲು ಅಷ್ಟು ಸಾಕು. ಈ ತಾಣವನ್ನು ತಡೆ, ಆ ಆ್ಯಪ್ ಅನ್ನು ನಿಧಾನಗೊಳಿಸು, ಇನ್ನೊಂದರ ಡೇಟಾವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ಆದೇಶ ಕೊಡಬಹುದು. 2007ರಲ್ಲಿ ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ಬಿಟ್‌ಟೊರೆಂಟ್ ಮೂಲಕ ಕಡತ ಹಂಚಿಕೊಳ್ಳುವವರ ಸಂಪರ್ಕಕ್ಕೆ ಹೀಗೇ ಅಡ್ಡಿ ಮಾಡಿ ಸಿಕ್ಕಿಬಿದ್ದಿತ್ತು.

ನಮ್ಮಲ್ಲಿ ಇದು ಮುಖ್ಯವಾಗಿ ದರದ ರೂಪದಲ್ಲಿ ಬಂತು. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್, ಇಂಟರ್‌ನೆಟ್ ಮೂಲಕ ಮಾಡುವ ಕರೆಗಳಿಗೆ ಬೇರೆ ದರ ಹಾಕುವುದಾಗಿ ಘೋಷಿಸಿ, ಜನ ಕೆರಳಿದ್ದರಿಂದ ಹಿಂದೆ ಸರಿಯಿತು. 2015ರ ಏಪ್ರಿಲ್‌ನಲ್ಲಿ ‘ಏರ್‌ಟೆಲ್ ಜೀರೊ’ ಬಂತು. ಆ್ಯಪ್ ಕಂಪನಿ ದುಡ್ಡು ಕಟ್ಟಿದರೆ ಗ್ರಾಹಕನಿಗೆ ಆ ಆ್ಯಪ್‌ನ ಡೇಟಾ ಉಚಿತ ಎಂಬುದು ಅದರ ಏರ್ಪಾಡು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಅದರಲ್ಲಿ ಸೇರಲು ಮಾತುಕತೆ ನಡೆಸಿ, ಟೀಕೆಯ ನಂತರ ಕೈಬಿಟ್ಟಿತು. ಅದೇ ಹೊತ್ತಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಜನರ ಅಭಿಪ್ರಾಯ ಕೇಳಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಹೋದವು.

ಇಂಟರ್‌ನೆಟ್ ಡಾಟ್ ಆರ್ಗ್ ಆ ವರ್ಷದ ಸೆಪ್ಟೆಂಬರ್‌ನಲ್ಲಿ ‘ಫ್ರೀ ಬೇಸಿಕ್ಸ್’ ಎಂದು ಹೆಸರು ಬದಲಿಸಿಕೊಂಡಿತು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಬಂದವು. ಐಐಟಿಗಳ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಇದನ್ನು ವಿರೋಧಿಸಿ ಹೇಳಿಕೆ ಕೊಟ್ಟರು. ಜನರಿಗೆ ಯಾವುದು ಮೂಲಭೂತ ಎಂದು ಒಂದು ಖಾಸಗಿ ಕಂಪನಿ ತೀರ್ಮಾನಿಸಬಾರದು ಎಂಬುದು ಅವರ ಮುಖ್ಯ ಆಕ್ಷೇಪ. ಕೊನೆಗೆ 2016ರ ಫೆಬ್ರುವರಿ 8ರಂದು ಟ್ರಾಯ್ ತೀರ್ಪಿನಂಥ ನಿಯಮ ಹೊರಡಿಸಿತು: ಡೇಟಾದಲ್ಲಿ ಏನಿದೆ ಎಂಬುದನ್ನು ನೋಡಿ ದರ ಬದಲಿಸುವಂತಿಲ್ಲ. ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ಮೂರು ದಿನದಲ್ಲಿ ಫೇಸ್‌ಬುಕ್ ತನ್ನ ಸೇವೆಯನ್ನು ಭಾರತದಿಂದ ಹಿಂತೆಗೆದುಕೊಂಡಿತು.

ಅದು ದರದ ಮಾತಾಯಿತು. ವೇಗದ ಮಾತು 2018ರ ಜುಲೈನಲ್ಲಿ ಇತ್ಯರ್ಥವಾಯಿತು. ದೂರಸಂಪರ್ಕ ಇಲಾಖೆ ಕಂಪನಿಗಳ ಲೈಸೆನ್ಸಿನಲ್ಲೇ ಷರತ್ತು ಸೇರಿಸಿತು. ಯಾವುದೇ ವಿಷಯವನ್ನು ತಡೆಯುವುದು, ಕೆಡಿಸುವುದು, ನಿಧಾನಗೊಳಿಸುವುದು, ಇನ್ನೊಂದಕ್ಕೆ ಹೆಚ್ಚಿನ ವೇಗ ಕೊಡುವುದು ನಿಷಿದ್ಧ. ಅಮೆರಿಕದಲ್ಲಿ ಇಂಥ ನಿಯಮ 2015ರಲ್ಲಿ ಬಂದು, 2017ರ ಕೊನೆಯಲ್ಲಿ ರದ್ದಾಗಿ, 2024ರಲ್ಲಿ ಮರಳಿ, 2025ರ ಜನವರಿ 2ರಂದು ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಈ ವಿಷಯದಲ್ಲಿ ನಮ್ಮ ರಕ್ಷಣೆ ಅವರದಕ್ಕಿಂತ ಗಟ್ಟಿ.

ಯಾವುದು ತಪ್ಪು, ಯಾವುದು ತಪ್ಪಲ್ಲ

ಇಲ್ಲಿ ಜನರಿಗೆ ಗೊಂದಲವಾಗುವ ಸಂಗತಿಗಳಿವೆ. ದಿನದ ಒಂದೂವರೆ ಜಿಬಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಇದು ಕಿರಿಕಿರಿಯೇ ಹೊರತು ನಿಯಮಭಂಗವಲ್ಲ, ಏಕೆಂದರೆ ಎಲ್ಲ ತಾಣಗಳೂ ಒಂದೇ ಸಮ ನಿಧಾನವಾಗುತ್ತವೆ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಅನಿಯಮಿತ ಡೇಟಾ ಕೊಡುವುದೂ ಸರಿ, ಅಲ್ಲಿ ಲೆಕ್ಕ ಹೊತ್ತಿನದು. ರೀಚಾರ್ಜ್ ಜತೆ ಯಾವುದೋ ಸಿನಿಮಾ ಆ್ಯಪ್‌ನ ಚಂದಾ ಉಚಿತವಾಗಿ ಸಿಗಬಹುದು. ನೀವು ಸಿನಿಮಾ ನೋಡುವಾಗ ಡೇಟಾ ನಿಮ್ಮ ಪ್ಯಾಕ್‌ನಿಂದಲೇ ಕಡಿತವಾಗುತ್ತಿದ್ದರೆ ಅದಕ್ಕೂ ತಕರಾರಿಲ್ಲ. 2016ಕ್ಕಿಂತ ಮೊದಲು ಮಾರಾಟವಾಗುತ್ತಿದ್ದ ‘ವಾಟ್ಸ್ಆ್ಯಪ್ ಪ್ಯಾಕ್’, ‘ಫೇಸ್‌ಬುಕ್ ಪ್ಯಾಕ್’ನಂಥವು ಮಾತ್ರ ಇಂದು ಸಲ್ಲವು.

ವಿನಾಯಿತಿಗಳೂ ಇವೆ. ತುರ್ತು ಸಂದರ್ಭದಲ್ಲಿ ಅಗತ್ಯ ಸೇವೆಗಳಿಗೆ ದರ ಇಳಿಸಬಹುದು. ಜಾಲದ ಒತ್ತಡ ನಿಭಾಯಿಸಲು ತಾತ್ಕಾಲಿಕ, ಪಾರದರ್ಶಕ ಕ್ರಮ ಕೈಗೊಳ್ಳಬಹುದು. ದೂರ ಶಸ್ತ್ರಚಿಕಿತ್ಸೆಯಂಥ ವಿಶೇಷ ಸೇವೆಗಳನ್ನು ಬೇರೆಯಾಗಿ ನಡೆಸಬಹುದು. ನ್ಯಾಯಾಲಯದ ಅಥವಾ ಸರ್ಕಾರದ ಆದೇಶದಂತೆ ತಾಣವೊಂದನ್ನು ತಡೆದರೆ, ಗಲಭೆಯ ಹೊತ್ತಿನಲ್ಲಿ ನೆಟ್ ನಿಲ್ಲಿಸಿದರೆ, ಅದು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಕಾನೂನುಗಳಿವೆ.

ಇನ್ನೊಂದು ಸಂಗತಿಯನ್ನು ತುಸು ಬಿಡಿಸಿ ಹೇಳಬೇಕು. ಯೂಟ್ಯೂಬ್ ಚಕಚಕನೆ ಓಡುತ್ತದೆ, ಊರಿನ ಯಾರೋ ಕಟ್ಟಿದ ಸಣ್ಣ ಕನ್ನಡ ತಾಣ ಮಾತ್ರ ಗಿರಗಿರ ಸುತ್ತುತ್ತದೆ. ಇದು ಕಂಪನಿಯ ಪಕ್ಷಪಾತ ಎಂದು ಹಲವರು ತಿಳಿಯುತ್ತಾರೆ. ನಿಜಸಂಗತಿ ಬೇರೆ. ಗೂಗಲ್, ನೆಟ್‌ಫ್ಲಿಕ್ಸ್‌ನಂಥ ಕಂಪನಿಗಳು ಜನ ಹೆಚ್ಚು ನೋಡುವ ವಿಡಿಯೊಗಳ ಪ್ರತಿಗಳನ್ನು ಇಲ್ಲಿನ ನಗರಗಳ ಜಾಲಕೇಂದ್ರಗಳಲ್ಲೇ ತಮ್ಮ ಸ್ವಂತ ಯಂತ್ರಗಳಲ್ಲಿ ಇಟ್ಟಿರುತ್ತವೆ. ನೀವು ಒತ್ತಿದ ವಿಡಿಯೊ ಸಮುದ್ರ ದಾಟಿ ಬರಬೇಕಿಲ್ಲ. ಸಣ್ಣ ತಾಣದ ಸರ್ವರ್ ಸಿಂಗಪುರದಲ್ಲೋ ಅಮೆರಿಕದಲ್ಲೋ ಇದ್ದರೆ ಪ್ಯಾಕೆಟ್ಟು ಅಷ್ಟು ದೂರ ಹೋಗಿ ಬರಬೇಕು. ಇಂಥ ಏರ್ಪಾಡನ್ನು ನಮ್ಮ ನಿಯಮ ಉದ್ದೇಶಪೂರ್ವಕವಾಗಿಯೇ ಹೊರಗಿಟ್ಟಿದೆ. ದುಡ್ಡಿದ್ದವರಿಗೆ ಇದರಿಂದ ಅನುಕೂಲ ಹೆಚ್ಚು ಎಂಬುದು ಸುಳ್ಳಲ್ಲ. ಆದರೂ ಇನ್ನೊಬ್ಬರ ಪ್ಯಾಕೆಟ್ಟನ್ನು ಬೇಕೆಂದೇ ತಡೆದು ನಿಲ್ಲಿಸುವುದಕ್ಕೂ ತನ್ನ ಪ್ರತಿಯನ್ನು ಹತ್ತಿರ ತಂದಿಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಕನ್ನಡ ತಾಣ ನಡೆಸುವವರು ಭಾರತದಲ್ಲೇ ಇರುವ ಸರ್ವರ್ ಆಯ್ದುಕೊಂಡರೆ ಈ ಅಂತರ ಬಹಳಷ್ಟು ಕಡಿಮೆಯಾಗುತ್ತದೆ.

ನಿಧಾನದ ಮೂಲ ಹುಡುಕುವುದು

ಶ್ರಾವಣದಲ್ಲಿ ಮುರಡಿ, ನೇಮಕಲ್ಲು, ಕಸಾಪುರ ಈ ಮೂರೂ ಆಂಜನೇಯನ ಗುಡಿಗಳಿಗೆ ಹೋಗಿಬರುವ ಭಕ್ತರು ಬಹಳ. ಅಂಥ ದಿನ ಗುಡಿಯ ಮುಂದೆ ಫೋನ್ ತೆಗೆದರೆ ಸಿಗ್ನಲ್ ಗೆರೆಗಳು ತುಂಬಿ ನಿಂತಿರುತ್ತವೆ, ಫೋಟೊ ಮಾತ್ರ ಹೋಗುವುದಿಲ್ಲ. ಗೆರೆ ತೋರಿಸುವುದು ಟವರ್ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದನ್ನು. ಅದರ ಮೇಲೆ ಎಷ್ಟು ಜನ ಬಿದ್ದಿದ್ದಾರೆ ಎಂಬುದನ್ನು ಅದು ತೋರಿಸುವುದಿಲ್ಲ. ತುಂಗಭದ್ರಾ ಮೇಲ್ದಂಡೆ ಕಾಲುವೆಯ ನೀರನ್ನು ಮೇಲಿನವರೆಲ್ಲ ಒಟ್ಟಿಗೇ ತೂಬೆತ್ತಿ ಬಿಟ್ಟುಕೊಂಡರೆ ಕೊನೆಯ ಭಾಗದ ಹೊಲಕ್ಕೆ ಏನಾಗುತ್ತದೆ ಎಂಬುದು ಕಣೇಕಲ್ಲು, ಬೊಮ್ಮನಹಾಳದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟವರ್‌ನಲ್ಲಿ ಆಗುವುದೂ ಅದೇ. ಇದು ದಟ್ಟಣೆ, ತಾರತಮ್ಯವಲ್ಲ. ಸಂಜೆ ಏಳರಿಂದ ಹತ್ತರವರೆಗೆ ನಿಧಾನವಾಗಿ, ಬೆಳಗಿನ ಜಾವ ಸರಿಹೋಗುವ ನೆಟ್‌ಗೂ ಕಾರಣ ಇದೇ.

ಮನೆಯ ಕಟ್ಟಡವೂ ಲೆಕ್ಕಕ್ಕೆ ಬರುತ್ತದೆ. 800, 900 ಮೆಗಾಹರ್ಟ್ಸ್‌ನಂಥ ಕೆಳ ತರಂಗಗಳು ದೂರ ಹೋಗುತ್ತವೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತವೆ. 2300ರಂಥ ಮೇಲಿನ ತರಂಗಗಳಲ್ಲಿ ಹೆಚ್ಚು ಡೇಟಾ ಹಿಡಿಸುತ್ತದೆ, ದಪ್ಪ ಗೋಡೆಗೆ ಮಾತ್ರ ಅವು ಸೋಲುತ್ತವೆ. ಕಲ್ಲು ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಅಂಗಳದಲ್ಲಿ ನಾಲ್ಕು ಕಂಪನಿಯ ಸಿಗ್ನಲ್ ಇದ್ದರೂ ನಡುಮನೆಯಲ್ಲಿ ಒಂದೇ ಉಳಿಯುವುದು ಇದರಿಂದ. ಕಾಗದದ ಮೇಲೆ ನಾಲ್ಕು ಆಯ್ಕೆ, ಮಗು ಪಾಠ ಕೇಳುವ ಮೂಲೆಯಲ್ಲಿ ಒಂದೇ ಆಯ್ಕೆ.

ಫೈಬರ್ ಸಂಪರ್ಕವಿದ್ದರೆ ಗೋಡೆಯ ಮೇಲಿನ ಬಾಕ್ಸ್ ನೋಡಿ. ‘ಪಾನ್’ ಎಂದು ಬರೆದ ಹಸಿರು ದೀಪ ಮಿನುಗದೆ ನಿಂತಿದ್ದರೆ ಬಾಕ್ಸ್ ಮತ್ತು ಕೇಂದ್ರದ ನಡುವೆ ಮಾತುಕತೆ ಸರಿಯಿದೆ. ‘ಎಲ್‌ಒಎಸ್’ ದೀಪ ಕೆಂಪಾದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ, ಎಲ್ಲೋ ತುಂಡಾಗಿದೆ ಅಥವಾ ತೀರಾ ಮಡಿಚಿಕೊಂಡಿದೆ ಎಂದರ್ಥ. ಆಗ ಬಾಕ್ಸ್ ಆಫ್ ಮಾಡಿ ಆನ್ ಮಾಡುತ್ತ ಕೂರುವುದರಲ್ಲಿ ಪ್ರಯೋಜನವಿಲ್ಲ, ಕೇಬಲ್‌ನವರನ್ನೇ ಕರೆಯಬೇಕು. ಫೈಬರ್ ಕಂಬದ ಬಳಿ ಒಂದು ಸಣ್ಣ ಡಬ್ಬಿಯಲ್ಲಿ ಕವಲೊಡೆದು ಹಲವು ಮನೆಗಳಿಗೆ ಹೋಗುತ್ತದೆ. ಪಕ್ಕದ ಮನೆಯಲ್ಲೂ ಕೆಂಪು ದೀಪವಿದ್ದರೆ ದೋಷ ನಿಮ್ಮ ಮನೆಯದಲ್ಲ. ಇನ್ನು ವೇಗದ ಲೆಕ್ಕ. ಪ್ಯಾಕ್‌ನಲ್ಲಿ ಬರೆಯುವ 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 40 ಮೆಗಾಬಿಟ್. ಕಡತದ ಗಾತ್ರ ಅಳೆಯುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಐದು ಮೆಗಾಬೈಟ್ ಇಳಿದರೆ ಕಂಪನಿ ಮಾತು ಉಳಿಸಿಕೊಂಡಂತೆ.

ಇದೆಲ್ಲ ಸರಿಯಿದ್ದೂ ಅನುಮಾನ ಉಳಿದರೆ ಪರೀಕ್ಷೆ ಮಾಡಬಹುದು. ಒಂದೇ ಫೋನು, ಒಂದೇ ಜಾಗ, ಒಂದೇ ಹೊತ್ತು ಇರಲಿ. ಟ್ರಾಯ್‌ನ ‘ಮೈಸ್ಪೀಡ್’ ಆ್ಯಪ್‌ನಲ್ಲಿ ವೇಗ ಅಳೆಯಿರಿ. ಬೇರೆಲ್ಲ ಚೆನ್ನಾಗಿದ್ದು ಒಂದೇ ಆ್ಯಪ್ ದಿನಗಟ್ಟಲೆ ನಿಧಾನವಿದೆಯೇ, ಇನ್ನೊಂದು ಕಂಪನಿಯ ಸಿಮ್‌ನಲ್ಲಿ ಅದೇ ಆ್ಯಪ್ ಸರಾಗವಾಗಿ ಓಡುತ್ತದೆಯೇ, ನೋಡಿ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಮಾಡಿದ ‘ವೆಹೆ’ ಎಂಬ ಆ್ಯಪ್ ಇದಕ್ಕೆಂದೇ ಇದೆ. ಅದು ಒಂದು ವಿಡಿಯೊ ಸೇವೆಯ ಡೇಟಾವನ್ನು ಇದ್ದಂತೆಯೇ ಒಮ್ಮೆ, ಗುರುತು ಸಿಗದಂತೆ ಕಲಸಿ ಇನ್ನೊಮ್ಮೆ ಕಳಿಸುತ್ತದೆ. ಗುರುತು ಇದ್ದಾಗ ನಿಧಾನ, ಇಲ್ಲದಾಗ ವೇಗ ಎಂದು ಮತ್ತೆ ಮತ್ತೆ ಬಂದರೆ ಕಂಪನಿಯ ಯಂತ್ರ ಹೆಸರು ನೋಡಿ ನಡೆದುಕೊಳ್ಳುತ್ತಿದೆ ಎಂದೇ ತಿಳಿಯಬೇಕು. ಫ್ರಾನ್ಸಿನ ದೂರಸಂಪರ್ಕ ನಿಯಂತ್ರಕರೇ ಇದನ್ನು ಬಳಸುತ್ತಾರೆ.

ಆಯ್ಕೆ ಯಾಕೆ ಇಷ್ಟು ಕಡಿಮೆ

ಮರೆಯಾದ ಮೊಬೈಲ್ ಕಂಪನಿಗಳ ಹೆಸರು ಒಮ್ಮೆ ನೆನಪಿಸಿಕೊಳ್ಳಿ: ಏರ್‌ಸೆಲ್, ಯೂನಿನಾರ್, ಟಾಟಾ ಡೊಕೊಮೊ, ರಿಲಯನ್ಸ್ ಕಮ್ಯುನಿಕೇಷನ್ಸ್. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 122 ಟೆಲಿಕಾಂ ಲೈಸೆನ್ಸ್ ರದ್ದು ಮಾಡಿತು. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂತು. ದರ ನೆಲಕ್ಕಿಳಿಯಿತು, ಸಾಲದಲ್ಲಿದ್ದವರು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು. 2018ರ ಆಗಸ್ಟ್ ಕೊನೆಗೆ ವೊಡಾಫೋನ್, ಐಡಿಯಾ ಒಂದಾದವು. ಈಗ ಉಳಿದಿರುವುದು ಜಿಯೊ, ಏರ್‌ಟೆಲ್, ವಿಐ ಮತ್ತು ಸರ್ಕಾರಿ ಬಿಎಸ್‌ಎನ್‌ಎಲ್. ಮೊಬೈಲ್ ಇಂಟರ್‌ನೆಟ್ ಬಳಸುವ ಹತ್ತರಲ್ಲಿ ಸುಮಾರು ಎಂಟು ಮಂದಿ ಮೊದಲೆರಡು ಕಂಪನಿಗಳ ಗ್ರಾಹಕರು.

2024ರ ಜುಲೈ 3 ಮತ್ತು 4ರಂದು, ಎರಡೇ ದಿನಗಳಲ್ಲಿ, ಮೂರೂ ಖಾಸಗಿ ಕಂಪನಿಗಳ ದರ ಏರಿತು. ಲಕ್ಷಾಂತರ ಜನ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆದರು. ಆದರೆ ಅದರ 4ಜಿ ಆಗಿನ್ನೂ ಎಲ್ಲ ಕಡೆ ಮುಟ್ಟಿರಲಿಲ್ಲ. ನೆಟ್ ನ್ಯೂಟ್ರಾಲಿಟಿ ನಿಯಮ ಇಂಥ ದರ ಏರಿಕೆಯನ್ನು ತಡೆಯುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಎಲ್ಲ ತಾಣಗಳಿಗೂ ಸಮನಾಗಿ ದುಬಾರಿಯಾದರೆ ಅದು ಆ ನಿಯಮದ ವಿಷಯವೇ ಅಲ್ಲ. ಅದಕ್ಕೆ ಬೇಕಾದ್ದು ಪೈಪೋಟಿ.

ಮನೆಗೆ ಬರುವ ಸಂಪರ್ಕದಲ್ಲಿ ಆಯ್ಕೆ ಇನ್ನೂ ಕಡಿಮೆ. ಇನ್ನೂರು ಮನೆಯ ಊರಿಗೆ ಎರಡನೆಯ ಕಂಪನಿ ತನ್ನದೇ ಕೇಬಲ್ ಎಳೆದರೆ ಹಾಕಿದ ಬಂಡವಾಳ ಹುಟ್ಟುವುದಿಲ್ಲ. ಆದ್ದರಿಂದ ಮೊದಲು ಬಂದವರದೇ ರಾಜ್ಯ. ಆಂಧ್ರ ಸರ್ಕಾರ ಇದಕ್ಕೆ ಒಂದು ದಾರಿ ಹುಡುಕಿತು. ವಿದ್ಯುತ್ ಕಂಬಗಳ ಮೇಲೆಯೇ ಫೈಬರ್ ಎಳೆದು, ಸಬ್‌ಸ್ಟೇಷನ್‌ಗಳಲ್ಲಿ ಉಪಕರಣ ಇಟ್ಟು, ಊರಿನ ಕೇಬಲ್‌ನವರ ಮೂಲಕ ಮನೆಗಳಿಗೆ ಕೊಡುವ ಎಪಿ ಫೈಬರ್‌ನೆಟ್ ಅದು. 2017ರ ಡಿಸೆಂಬರ್ 27ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದಾಗ ಟಿವಿ, ಫೋನ್, ನೆಟ್ ಮೂರೂ ಸೇರಿ ತಿಂಗಳಿಗೆ 149 ರೂಪಾಯಿಯಿಂದ ಶುರುವಾಗುತ್ತಿತ್ತು. ನೆಲ ಅಗೆಯದೆ ಹಳ್ಳಿ ಮುಟ್ಟಿದ್ದು ಈ ಯೋಜನೆಯ ದೊಡ್ಡ ಗುಣ. ಆದರೆ ಅದು ಆಂಧ್ರದ ಗಡಿಗೇ ನಿಲ್ಲುತ್ತದೆ. ಮೊಬೈಲ್ ಸಿಗ್ನಲ್ ಗಡಿ ದಾಟುತ್ತದೆ, ರೋಮಿಂಗ್ ದರವೂ ಈಗ ಇಲ್ಲ, ಬಳ್ಳಾರಿ ಸಿಮ್ ಇಟ್ಟುಕೊಂಡು ನೇಮಕಲ್ಲಿನಲ್ಲಿ ಇರಬಹುದು. ಫೈಬರ್ ವಿಷಯದಲ್ಲಿ ಆ ಅನುಕೂಲವಿಲ್ಲ.

ಕೇಂದ್ರದ ಭಾರತ್‌ನೆಟ್ ಯೋಜನೆ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 2011ರಲ್ಲಿ ಬೇರೆ ಹೆಸರಿನಲ್ಲಿ ಒಪ್ಪಿಗೆ ಪಡೆದ ಇದರ ಗುರಿ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು. 2023ರ ಆಗಸ್ಟ್‌ನಲ್ಲಿ ಇದರ ಪರಿಷ್ಕೃತ ರೂಪಕ್ಕೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ಪಂಚಾಯಿತಿಗೆ ಬಂದ ಈ ಫೈಬರ್ ಯಾವುದೋ ಒಂದು ಕಂಪನಿಗೆ ಮೀಸಲಲ್ಲ. ಟೆಲಿಕಾಂ ಕಂಪನಿ, ಸಣ್ಣ ಇಂಟರ್‌ನೆಟ್ ಸೇವೆಯವರು, ಕೇಬಲ್ ಆಪರೇಟರ್, ಯಾರು ಬಂದರೂ ಭೇದವಿಲ್ಲದೆ ಕೊಡಬೇಕೆಂಬುದು ಅದರ ಮೂಲ ವಿನ್ಯಾಸ. ಒಂದೇ ಕೇಬಲ್ ಮೇಲೆ ಹಲವು ಕಂಪನಿಗಳು ಸೇವೆ ಕೊಡುವಂತಾದರೆ ಹಳ್ಳಿಗೂ ಆಯ್ಕೆ ಬರುತ್ತದೆ. ಬ್ರಿಟನ್‌ನಲ್ಲಿ 2006ರಿಂದ ಓಪನ್‌ರೀಚ್ ಎಂಬ ಸಂಸ್ಥೆ ಹೀಗೇ ಎಲ್ಲ ಕಂಪನಿಗಳಿಗೂ ತನ್ನ ಕೇಬಲ್ ಬಾಡಿಗೆಗೆ ಕೊಡುತ್ತಿದೆ. ನಮ್ಮ ಯೋಜನೆಯೂ ಕಾಗದದ ಮೇಲೆ ಇಷ್ಟೇ ಚೆನ್ನಾಗಿದೆ. ನಿಮ್ಮ ಪಂಚಾಯಿತಿ ಕಚೇರಿಗೆ ಹೋಗಿ ಭಾರತ್‌ನೆಟ್ ಬಾಕ್ಸ್ ಎಲ್ಲಿದೆ, ಅದರಲ್ಲಿ ದೀಪ ಉರಿಯುತ್ತಿದೆಯೇ, ಅದಕ್ಕೆ ಕರೆಂಟ್ ಕೊಟ್ಟಿದ್ದಾರೆಯೇ ಎಂದು ಕೇಳಿ. ಗ್ರಾಮಸಭೆಯಲ್ಲಿ ಕೇಳಬಹುದಾದ ಪ್ರಶ್ನೆ ಇದು.

ಗ್ರಾಹಕ ಮಾಡಬಹುದಾದ್ದು

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದೆಲ್ಲೆಡೆ 2011ರ ಜನವರಿ 20ರಿಂದ ಇದೆ. 2015ರ ಜುಲೈನಿಂದ ಸರ್ಕಲ್ ಬದಲಾದರೂ ನಂಬರ್ ಉಳಿಯುತ್ತದೆ. ಪೋರ್ಟ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಸೇರಿಸಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಒಂದು ಸಂಕೇತ ಬರುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಗುರುತಿನ ದಾಖಲೆಯ ಜತೆ ಕೊಡಬೇಕು. ಈಗಿರುವ ಕಂಪನಿಯಲ್ಲಿ 90 ದಿನ ಆಗಿರಬೇಕು. ಅದೇ ಸರ್ಕಲ್ ಆದರೆ ಮೂರು ಕೆಲಸದ ದಿನ, ಬೇರೆ ಸರ್ಕಲ್ ಆದರೆ ಐದು ದಿನ ಹಿಡಿಯುತ್ತದೆ. ಅದಕ್ಕೆ ಮೊದಲು ಹೊಸ ಕಂಪನಿಯ ಸಿಗ್ನಲ್ ನಿಮ್ಮ ನಡುಮನೆಯಲ್ಲಿ ಬರುತ್ತದೆಯೇ ಎಂದು ಯಾರದಾದರೂ ಫೋನ್ ತರಿಸಿ ನೋಡಿ. 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಟ್ರಾಯ್ ನಿಯಮದಂತೆ ಎಲ್ಲ ಕಂಪನಿಗಳೂ ತಮ್ಮ ಸಿಗ್ನಲ್ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಅದು ಹೊರಗಿನ ಸಿಗ್ನಲ್ ಹೇಳುತ್ತದೆ, ಒಳಗಿನದಕ್ಕೆ ನಿಮ್ಮ ಪರೀಕ್ಷೆಯೇ ಪ್ರಮಾಣ.

ದೂರು ಕೊಡುವುದು ಮೊದಲು ಕಂಪನಿಗೆ. 198ಕ್ಕೆ ಕರೆ ಮಾಡಿ, ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. ಅದಿಲ್ಲದೆ ಮುಂದಿನ ಹೆಜ್ಜೆ ಇಡಲಾಗದು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಅರ್ಜಿ ಹಾಕಬೇಕು, ಅದಕ್ಕೆ ಶುಲ್ಕವಿಲ್ಲ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಆದರೆ ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ನಿಮಗಿದೆ. ಟೆಲಿಕಾಂ ದೂರುಗಳು ಗ್ರಾಹಕ ವೇದಿಕೆಗಳ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕಂಪನಿಯ ಕಸ್ಟಮರ್ ಕೇರ್‌ನಲ್ಲಿ ಆಂಧ್ರ ಸಿಮ್‌ಗೆ ತೆಲುಗೇ ಮೊದಲು ಬರುತ್ತದಾದ್ದರಿಂದ ಗಡಿನಾಡಿನವರಿಗೆ ಈ ನಂಬರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈ ರಕ್ಷಣೆ ಇದ್ದಲ್ಲೇ ಇರುತ್ತದೆ ಎಂದು ನಿಶ್ಚಿಂತೆಯಿಂದ ಕೂರುವ ಕಾಲವಲ್ಲ. ಹೆಚ್ಚು ಡೇಟಾ ಹರಿಸುವ ದೊಡ್ಡ ಆ್ಯಪ್‌ಗಳು ಜಾಲದ ಖರ್ಚಿನಲ್ಲಿ ಪಾಲು ಕೊಡಬೇಕೆಂದು ನಮ್ಮ ಟೆಲಿಕಾಂ ಕಂಪನಿಗಳು ಕೇಳುತ್ತಿವೆ. ದಕ್ಷಿಣ ಕೊರಿಯದಲ್ಲಿ ಇಂಥ ಏರ್ಪಾಡಿದೆ. ಜಾಲಶುಲ್ಕ ಭರಿಸಲಾಗದೆಂದು ಟ್ವಿಚ್ ಎಂಬ ವಿಡಿಯೊ ಸೇವೆ 2024ರ ಫೆಬ್ರುವರಿಯಲ್ಲಿ ಆ ದೇಶವನ್ನೇ ಬಿಟ್ಟುಹೋಯಿತು. 5ಜಿಯಲ್ಲಿ ಒಂದೇ ಜಾಲವನ್ನು ಹೋಳು ಮಾಡಿ ಕೆಲವರಿಗೆ ಖಾತರಿ ವೇಗದ ಹೋಳನ್ನು ಮಾರುವ ತಂತ್ರವೂ ಬಂದಿದೆ. ಕಾರ್ಖಾನೆಗೆ, ಆಸ್ಪತ್ರೆಗೆ ಅದು ಬೇಕಾದ್ದೇ. ಅದನ್ನೇ ನಾಳೆ ಒಂದು ವಿಡಿಯೊ ಆ್ಯಪ್‌ಗೆ ಮಾರಿದರೆ 2018ರ ಷರತ್ತಿಗೆ ಅರ್ಥ ಉಳಿಯುವುದಿಲ್ಲ. ಇನ್ನು ನಿಯಮ ಪಾಲನೆಯ ಮೇಲೆ ಕಣ್ಣಿಡಲು ಎಲ್ಲರನ್ನೂ ಒಳಗೊಂಡ ಒಂದು ಮಂಡಳಿ ಬೇಕೆಂದು ಟ್ರಾಯ್ 2020ರ ಸೆಪ್ಟೆಂಬರ್‌ನಲ್ಲೇ ಶಿಫಾರಸು ಮಾಡಿದೆ. ಗ್ರಾಹಕನೇ ಪರೀಕ್ಷೆ ಮಾಡಿ, ಗ್ರಾಹಕನೇ ಸಾಬೀತು ಮಾಡಬೇಕಾದ ಸ್ಥಿತಿ ತಪ್ಪಬೇಕಾದರೆ ಅಂಥದೊಂದು ಮಂಡಳಿ ಕೆಲಸ ಮಾಡಲೇಬೇಕು.

ಟ್ರಾಯ್ ಯಾವುದೇ ನಿಯಮ ಮಾಡುವ ಮೊದಲು ಸಮಾಲೋಚನಾ ಪತ್ರವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿ ಅಭಿಪ್ರಾಯ ಕೇಳುತ್ತದೆ. ಯಾರು ಬೇಕಾದರೂ ಇ-ಮೇಲ್ ಬರೆಯಬಹುದು. 2015ರ ಪಟ್ಟಿಯಲ್ಲಿ ಕನ್ನಡ ಇಲ್ಲದ್ದನ್ನು ಬೆಂಗಳೂರಿನವರಿಗಿಂತ ಚೆನ್ನಾಗಿ ಹೇಳಬಲ್ಲವರು ರಾಯದುರ್ಗ, ಮಡಕಶಿರಾದ ಕನ್ನಡ ಶಿಕ್ಷಕರು, ವಿದ್ಯಾರ್ಥಿಗಳು, ಜೀನ್ಸ್ ಹೊಲಿಗೆ ಘಟಕದವರು, ಅಡಿಕೆ ಬೆಳೆಗಾರರು. ನಿಮ್ಮ ಊರಿನಲ್ಲಿ ಎಷ್ಟು ಕಂಪನಿಗಳ ಸಿಗ್ನಲ್ ಮನೆಯೊಳಗೆ ಬರುತ್ತದೆ, ಎಷ್ಟು ಕೇಬಲ್‌ನವರಿದ್ದಾರೆ, ಪಂಚಾಯಿತಿಯ ಫೈಬರ್ ನಡೆಯುತ್ತಿದೆಯೇ ಎಂಬಿಷ್ಟನ್ನೇ ನಾಲ್ಕು ಸಾಲಿನಲ್ಲಿ ಬರೆದು, ಮುಂದಿನ ಸಮಾಲೋಚನಾ ಪತ್ರ ಬಂದಾಗ ದಯವಿಟ್ಟು ಕಳಿಸಿ.